ನಾಲ್ವರು ಪರೀಕ್ಷಕರು, ಒಂದು ಮೇಜು

ಮುದ್ದೇನಹಳ್ಳಿ ಎಂದರೆ ನಮಗೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಈಗ ಅದು ವೈದ್ಯಕೀಯ ಕಾಲೇಜಿನ ಊರೂ ಹೌದು. ಶ್ರೀ ಮಧುಸೂದನ ಸಾಯಿ ವೈದ್ಯಕೀಯ ವಿಜ್ಞಾನಗಳು ಮತ್ತು ಸಂಶೋಧನಾ ಸಂಸ್ಥೆಯನ್ನು ಪ್ರಧಾನಿ ನರೇಂದ್ರ ಮೋದಿಯವರು 2023ರ ಮಾರ್ಚ್ 25ರಂದು ಉದ್ಘಾಟಿಸಿದರು. ಓದೂ ಉಚಿತ, ಚಿಕಿತ್ಸೆಯೂ ಉಚಿತ ಎಂಬುದು ಅದರ ಹೆಗ್ಗಳಿಕೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಚಿಕ್ಕಬಳ್ಳಾಪುರದ ಸರ್ಕಾರಿ ವೈದ್ಯಕೀಯ ಕಾಲೇಜು. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ವೈದ್ಯರನ್ನು ತಯಾರು ಮಾಡುವ ಕೆಲಸ ಶುರುವಾದದ್ದೇ ಈಚೆಗೆ. 2023ರಲ್ಲಿ ಎಂಬಿಬಿಎಸ್ ಸೇರಿದ ಹುಡುಗ ಹುಡುಗಿಯರು ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ, ತಡವಿಲ್ಲದೆ ಪಿಜಿ ಸೀಟು ಹಿಡಿದರೆ 2032ರ ಸುಮಾರಿಗೆ ಎಂಡಿ, ಎಂಎಸ್ ಪರೀಕ್ಷೆಗೆ ಬರುತ್ತಾರೆ. ಕಟ್ಟಡ, ಹಾಸಿಗೆ, ಸೀಟುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆ ಮಕ್ಕಳನ್ನು ತಜ್ಞವೈದ್ಯರೆಂದು ಘೋಷಿಸುವ ಕೊನೆಯ ದಿನದ ವೈವಾ ಹೇಗೆ ನಡೆಯುತ್ತದೆ, ಅದನ್ನು ಯಾರು ಪರಿಶೀಲಿಸುತ್ತಾರೆ ಎಂಬ ಮಾತು ಮಾತ್ರ ವೈದ್ಯರ ಕೋಣೆಯಿಂದ ಹೊರಗೆ ಬರುವುದೇ ಇಲ್ಲ.

ನಿಯಮಗಳನ್ನು ಮೊದಲು ನೋಡೋಣ. ಅವು ಕಾಗದದ ಮೇಲೆ ಕೆಟ್ಟದಾಗೇನೂ ಇಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2000ನೇ ಇಸವಿಯ ಸ್ನಾತಕೋತ್ತರ ನಿಯಮಾವಳಿ ಪರೀಕ್ಷೆಗೆ ಒಂದು ಚೌಕಟ್ಟು ಹಾಕಿಕೊಟ್ಟಿತು. ಕನಿಷ್ಠ ನಾಲ್ವರು ಪರೀಕ್ಷಕರಿರಬೇಕು, ಅವರಲ್ಲಿ ಇಬ್ಬರಾದರೂ ಹೊರ ರಾಜ್ಯದ ಬೇರೆ ವಿಶ್ವವಿದ್ಯಾಲಯದವರಾಗಿರಬೇಕು. ಎಂಡಿ, ಎಂಎಸ್‌ಗೆ ದಿನಕ್ಕೆ ಎಂಟಕ್ಕಿಂತ ಹೆಚ್ಚು ಅಭ್ಯರ್ಥಿಗಳನ್ನು ಕೂರಿಸಬಾರದು, ಡಿಎಂ, ಎಂಸಿಎಚ್‌ಗೆ ಮೂವರನ್ನು ಮೀರಬಾರದು. ಪ್ರಬಂಧ ಅಂಗೀಕಾರವಾಗದೆ ಪರೀಕ್ಷೆಯಿಲ್ಲ. ಲಿಖಿತದಲ್ಲೂ ಕ್ಲಿನಿಕಲ್–ವೈವಾದಲ್ಲೂ ಬೇರೆಬೇರೆಯಾಗಿ ಶೇ. 50 ಬರಬೇಕು. 2020ರಲ್ಲಿ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಅದರ 2023ರ ನಿಯಮಾವಳಿ ಹಲವು ವಿಷಯಗಳನ್ನು ಬದಲಿಸಿತಾದರೂ ಪರೀಕ್ಷೆಯ ಬೆನ್ನೆಲುಬು ಹಳೆಯದೇ.

ಕರ್ನಾಟಕದಲ್ಲಿ ಈ ಪರೀಕ್ಷೆಗಳ ದೊಡ್ಡ ಪಾಲು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಅಲ್ಲಿ ಬಹುಕಾಲ ನಡೆದು ಬಂದ ಅಂಕಗಳ ಹಂಚಿಕೆ ಹೀಗೆ: ನಾಲ್ಕು ಲಿಖಿತ ಪತ್ರಿಕೆಗಳಿಗೆ 400, ಕ್ಲಿನಿಕಲ್‌ಗೆ 200, ವೈವಾಗೆ 100. ಆ ನೂರರಲ್ಲೂ 20 ಪಾಠ ಹೇಳುವ ಕೌಶಲಕ್ಕೆ ಮೀಸಲು. ಒಟ್ಟು 700ರಲ್ಲಿ 300 ಅಂಕ, ಅಂದರೆ ಶೇ. 43ರಷ್ಟು, ಒಂದೇ ದಿನ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತದೆ. ಉತ್ತರಪತ್ರಿಕೆಯಾದರೆ ಹೆಸರು ಮುಚ್ಚಿಕೊಂಡು, ಸ್ಕ್ಯಾನ್ ಆಗಿ, ಒಬ್ಬರಿಗಿಂತ ಹೆಚ್ಚು ಮೌಲ್ಯಮಾಪಕರ ಕಣ್ಣಿಗೆ ಬೀಳುತ್ತದೆ. ಅನುಮಾನ ಬಂದರೆ ತೆಗೆದು ನೋಡಬಹುದು, ಕೋರ್ಟಿಗೂ ಒಯ್ಯಬಹುದು. ವೈವಾದಲ್ಲಿ ಅಭ್ಯರ್ಥಿಯ ಮುಖ, ಹೆಸರು, ಊರು, ಉಚ್ಚಾರಣೆ ಎಲ್ಲವೂ ಪರೀಕ್ಷಕರ ಮುಂದೆ ತೆರೆದಿರುತ್ತವೆ. ಅವರು ಎದ್ದುಹೋದ ಮೇಲೆ ಉಳಿಯುವುದು ಅಂಕಪಟ್ಟಿಯ ಒಂದು ಸಂಖ್ಯೆ ಮಾತ್ರ. ಏನು ಕೇಳಿದರು, ಏನು ಉತ್ತರ ಬಂತು, ಯಾವ ಉತ್ತರಕ್ಕೆ ಎಷ್ಟು ಕೊಟ್ಟರು ಎಂಬುದಕ್ಕೆ ಚೂರು ಕಾಗದವೂ ಇರುವುದಿಲ್ಲ. ವೈವಾ ಬೇಡವೆಂದು ನಾನು ಹೇಳುವುದಿಲ್ಲ. ಮರುಪರಿಶೀಲನೆಗೆ ಸಿಗದಂತೆ ಅದನ್ನು ನಡೆಸುತ್ತಿದ್ದೇವೆ ಎಂಬುದೇ ನನ್ನ ತಕರಾರು.

ಪರೀಕ್ಷೆಯ ದಿನ ಹೇಗಿರುತ್ತದೆ ಎಂಬುದು ಹೊರಗಿನವರಿಗೆ ತಿಳಿದಿರಲಾರದು. ಬೆಳಿಗ್ಗೆ ವಾರ್ಡಿನಲ್ಲಿ ಚೀಟಿ ಎತ್ತಿದಂತೆ ಒಬ್ಬ ರೋಗಿ ಪಾಲಿಗೆ ಬರುತ್ತಾನೆ. ಅದು ಲಾಂಗ್ ಕೇಸ್. ಮುಕ್ಕಾಲು ಗಂಟೆ, ಒಂದು ಗಂಟೆ ರೋಗಿಯೊಡನೆ ಕಳೆದು, ಕಾಯಿಲೆಯ ಕಥೆ ಕೇಳಿ, ಮೈ ಮುಟ್ಟಿ ಪರೀಕ್ಷಿಸಿ, ಎಲ್ಲವನ್ನೂ ಬರೆದುಕೊಳ್ಳಬೇಕು. ಪರೀಕ್ಷಕರು ಬರುವುದು ಆಮೇಲೆ. ಅಭ್ಯರ್ಥಿ ಒಪ್ಪಿಸುತ್ತಾನೆ, ಅವರು ಕೆದಕುತ್ತಾರೆ. ಅನಂತರ ಶಾರ್ಟ್ ಕೇಸುಗಳು. ಮಧ್ಯಾಹ್ನ ಎಕ್ಸ್‌ರೇ, ಇಸಿಜಿ, ಉಪಕರಣ, ಮಾದರಿಗಳ ಮೇಜು, ಕಡೆಗೆ ವೈವಾ. ‘ಎಕ್ಸ್‌ಟರ್ನಲ್ ಯಾರು?’ ಎಂಬ ಒಂದೇ ಪ್ರಶ್ನೆ ಹಿಂದಿನ ವಾರವೆಲ್ಲ ಹಾಸ್ಟೆಲಿನಲ್ಲಿ ಓಡಾಡುತ್ತಿರುತ್ತದೆ. ಅವರಿಗೆ ಯಾವ ವಿಷಯ ಇಷ್ಟ, ಯಾವ ಪುಸ್ತಕ ಹಿಡಿಯುತ್ತಾರೆ, ಹೋದ ವರ್ಷ ಬೇರೆ ಕಾಲೇಜಿನಲ್ಲಿ ಏನು ಕೇಳಿದ್ದರು ಎಂಬ ಸಂಶೋಧನೆ ಪ್ರಬಂಧದ ಸಂಶೋಧನೆಗಿಂತ ಶ್ರದ್ಧೆಯಿಂದ ನಡೆಯುವುದುಂಟು. ಒಳ್ಳೆಯ ಪರೀಕ್ಷೆಯಲ್ಲಿ ಪರೀಕ್ಷಕ ಯಾರೆಂಬುದು ಇಷ್ಟು ದೊಡ್ಡ ವಿಷಯ ಆಗಬಾರದು.

ಬಾಯಿಪರೀಕ್ಷೆಯ ಅಂಕಗಳ ಬಗ್ಗೆ ದೇಶದ ನ್ಯಾಯಾಲಯಗಳು ಮಾಡಿದ ದೊಡ್ಡ ಚರ್ಚೆಗೆ ಒಂದು ಮುಖ್ಯ ಆರಂಭ ನಮ್ಮ ರಾಜ್ಯದಿಂದಲೇ ಸಿಕ್ಕಿತು. ಅಂದಿನ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ಇಟ್ಟು, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಅದಕ್ಕೆ ಎತ್ತಿಟ್ಟಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ನಾಟಕ, ಸಮಾಜಸೇವೆ ಎಲ್ಲಕ್ಕೂ ಅಂಕ. ಇದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದ ತೀರ್ಪು ಸುಪ್ರೀಂ ಕೋರ್ಟಿನಿಂದ 1964ರ ಜನವರಿಯಲ್ಲಿ ಬಂತು. ಸಂದರ್ಶನದ ದುರುಪಯೋಗವಾದರೆ ಆ ಆಯ್ಕೆಯನ್ನು ರದ್ದು ಮಾಡಬಹುದು, ಸಂದರ್ಶನ ಎಂಬ ವಿಧಾನವನ್ನೇ ತಪ್ಪೆನ್ನಲಾಗದು ಎಂದು ನ್ಯಾಯಮೂರ್ತಿ ಸುಬ್ಬರಾವ್ ಅವರ ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಮುಧೋಳ್ಕರ್ ಒಪ್ಪಲಿಲ್ಲ, ಭಿನ್ನಮತ ಬರೆದರು. 1980ರ ನವೆಂಬರಿನಲ್ಲಿ ಅಜಯ್ ಹಾಸಿಯಾ ಪ್ರಕರಣ ಬರುವಷ್ಟರಲ್ಲಿ ಕೋರ್ಟಿನ ಧಾಟಿ ಬದಲಾಗಿತ್ತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತಕ್ಕೆ 100, ಮೌಖಿಕಕ್ಕೆ 50 ಅಂಕ. ಒಬ್ಬೊಬ್ಬರನ್ನು ಮಾತನಾಡಿಸಿದ್ದು ಎರಡು ಮೂರು ನಿಮಿಷ. ಅಂಥ ಪ್ರವೇಶದಲ್ಲಿ ಮೌಖಿಕಕ್ಕೆ ಶೇ. 15ಕ್ಕಿಂತ ಹೆಚ್ಚು ಇಡುವುದು ಮನಬಂದಂತೆ ನಡೆದುಕೊಂಡಂತೆ ಎಂದು ನ್ಯಾಯಮೂರ್ತಿ ಭಗವತಿಯವರ ತೀರ್ಪು ಹೇಳಿತು. ಸಂದರ್ಶನವನ್ನು ಟೇಪ್‌ ರೆಕಾರ್ಡರಿನಲ್ಲಿ ಹಿಡಿದಿಡುವುದು ಒಳ್ಳೆಯದೆಂಬ ಸಲಹೆಯನ್ನೂ ಕೊಟ್ಟಿತು.

ಪ್ರವೇಶದ ಸಂದರ್ಶನವೂ ಪಿಜಿ ವೈವಾವೂ ಒಂದೇ ಅಲ್ಲ ಎಂಬುದನ್ನು ಒಪ್ಪಲೇಬೇಕು. ಶಸ್ತ್ರವೈದ್ಯನಾಗುವವನ ಕೈಯನ್ನೂ ಮಾತನ್ನೂ ನೋಡದೆ ಬರೆದದ್ದನ್ನಷ್ಟೇ ನಂಬಿ ಪದವಿ ಕೊಡಲಾಗದು. ಆದ್ದರಿಂದ ಆ ಶೇ. 15ರ ಮಿತಿಯನ್ನು ಇಲ್ಲಿಗೆ ಎಳೆದು ತರುವುದು ವಾದಕ್ಕೆ ಚೆಂದ, ನ್ಯಾಯವಲ್ಲ. ಟೇಪ್ ರೆಕಾರ್ಡರಿನ ಸಲಹೆ ಮಾತ್ರ ಇಲ್ಲಿಗೂ ಸಲ್ಲುತ್ತದೆ. ಆ ತೀರ್ಪು ಬಂದು ನಾಲ್ಕು ದಶಕ ದಾಟಿತು, ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲ ಬಂತು.

ಬಾಯಿಪರೀಕ್ಷೆಯ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು ಅಮೆರಿಕದಲ್ಲಿ. ಅಲ್ಲಿನ ರಾಷ್ಟ್ರೀಯ ವೈದ್ಯಕೀಯ ಪರೀಕ್ಷಕರ ಮಂಡಳಿ ರೋಗಿಯ ಹಾಸಿಗೆ ಪಕ್ಕದ ಪರೀಕ್ಷೆಯನ್ನು 1960ರ ದಶಕದಲ್ಲಿ ಕೈಬಿಟ್ಟಿತು. ಒಬ್ಬನೇ ಅಭ್ಯರ್ಥಿಗೆ ಇಬ್ಬರು ಪರೀಕ್ಷಕರು ಕೊಟ್ಟ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದಕ್ಕೊಂದು ತಾಳೆಯಾಗದಿದ್ದುದು ಕಾರಣ. ಆಂತರಿಕ ವೈದ್ಯಶಾಸ್ತ್ರದ ಅಮೆರಿಕನ್ ಮಂಡಳಿ 1972ರಲ್ಲಿ ಮೌಖಿಕಕ್ಕೆ ವಿದಾಯ ಹೇಳಿತು. ಶಸ್ತ್ರಚಿಕಿತ್ಸೆಯವರು ಬಿಡಲಿಲ್ಲ. ಅಮೆರಿಕದ ಸರ್ಜರಿ ಮಂಡಳಿ ಇಂದಿಗೂ ಅರ್ಧ ಅರ್ಧ ಗಂಟೆಯ ಮೂರು ಮೌಖಿಕ ಸುತ್ತು ನಡೆಸುತ್ತದೆ. ಸುತ್ತಿಗೊಂದು ಬೇರೆ ಜೋಡಿ ಪರೀಕ್ಷಕರು. ಕೋವಿಡ್ ಬಂದ ಮೇಲೆ ಅದನ್ನು ಪರದೆಯ ಮೇಲೆ ನಡೆಸುವುದನ್ನೂ ಕಲಿತರು.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಹೊಸ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅಭ್ಯರ್ಥಿ ನಿಲ್ದಾಣದಿಂದ ನಿಲ್ದಾಣಕ್ಕೆ ಗಂಟೆ ಹೊಡೆದಂತೆ ಸಾಗುತ್ತಾನೆ. ಒಂದು ಕಡೆ ಹೊಟ್ಟೆ ಪರೀಕ್ಷೆ, ಇನ್ನೊಂದು ಕಡೆ ಕೆಟ್ಟ ಸುದ್ದಿ ತಿಳಿಸುವುದು, ಮತ್ತೊಂದು ಕಡೆ ಎಕ್ಸ್‌ರೇ ಓದುವುದು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಂಕಸೂಚಿ. ಇದೇ ಈಗ ನಾವೆಲ್ಲ ಓಸ್ಕಿ ಎನ್ನುವ ಪರೀಕ್ಷೆ. ನಮ್ಮಲ್ಲಿ ಎಂಡಿ, ಎಂಎಸ್‌ಗೆ ಸಮನಾದ ಇನ್ನೊಂದು ತಜ್ಞಪದವಿ ಡಿಎನ್‌ಬಿಯ ಪರೀಕ್ಷೆ, ಮುಖ್ಯವಾಗಿ ಮಕ್ಕಳ ವೈದ್ಯಶಾಸ್ತ್ರದಲ್ಲಿ, ಇದನ್ನು ಅಳವಡಿಸಿಕೊಂಡಿದೆ. ರಾಯಲ್ ಕಾಲೇಜುಗಳ ಎಂಆರ್‌ಸಿಪಿ 2001ರಲ್ಲಿ ಹಳೆಯ ಲಾಂಗ್ ಕೇಸ್ ತೆಗೆದುಹಾಕಿ ಐದು ನಿಲ್ದಾಣಗಳ ‘ಪೇಸಸ್’ ತಂದಿತು. ನಿಲ್ದಾಣಕ್ಕೆ ಇಪ್ಪತ್ತು ನಿಮಿಷ, ಇಬ್ಬರು ಪರೀಕ್ಷಕರು, ಇಬ್ಬರೂ ಬೇರೆಬೇರೆಯಾಗಿ ಅಂಕ ಬರೆಯಬೇಕು.

ಹಾಗೆ ಬರೆದಿಟ್ಟಿದ್ದರಿಂದಲೇ ಅದನ್ನು ಪರಿಶೀಲಿಸಲು ಸಾಧ್ಯವಾಯಿತು. ಕ್ರಿಸ್ ಮ್ಯಾಕ್‌ಮೇನಸ್ ಮತ್ತು ಸಂಗಡಿಗರು 2006ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳ ಅಂಕಗಳನ್ನು ಬಿಡಿಸಿ ನೋಡಿದರು. ಬಿಗಿ ಕೈಯ ಪರೀಕ್ಷಕರು ಎಷ್ಟು ಬಿಗಿ, ಉದಾರಿಗಳು ಎಷ್ಟು ಉದಾರಿ ಎಂಬುದು ಅವರ ಪ್ರಶ್ನೆ. ಅವರ ಲೆಕ್ಕದಲ್ಲಿ, ಅಂಕಗಳ ವ್ಯವಸ್ಥಿತ ವ್ಯತ್ಯಾಸದ ಶೇ. 87 ಅಭ್ಯರ್ಥಿಗಳ ಯೋಗ್ಯತೆಯಿಂದ ಬಂದದ್ದು, ಶೇ. 1 ನಿಲ್ದಾಣದಿಂದ, ಶೇ. 12 ಪರೀಕ್ಷಕರ ಸ್ವಭಾವದಿಂದ. ಇಷ್ಟು ಕಟ್ಟುನಿಟ್ಟಾದ ಪರೀಕ್ಷೆಯಲ್ಲೂ ಶೇ. 12! ನಮ್ಮಲ್ಲಿ ಎಷ್ಟಿರಬಹುದು ಎಂದು ಊಹಿಸುವ ಅಗತ್ಯವೇ ಬೀಳಬಾರದು, ಲೆಕ್ಕ ಹಾಕಲು ಬರಬೇಕು. ನಾಲ್ವರೂ ಮಾತಾಡಿಕೊಂಡು ಒಂದೇ ಅಂಕ ಬರೆಯುವ ಕಡೆ ಆ ಲೆಕ್ಕಕ್ಕೆ ಬೇಕಾದ ಕಚ್ಚಾ ಸಾಮಗ್ರಿಯೇ ಇರುವುದಿಲ್ಲ.

ಹಾಗಾದರೆ ಓಸ್ಕಿ ತಂದುಬಿಟ್ಟರೆ ಆಯಿತಲ್ಲ ಎಂದು ಸಭೆಗಳಲ್ಲಿ ಹೇಳುವವರು ತುಂಬ ಜನ. ನನಗೆ ಆ ಉತ್ಸಾಹ ಇಲ್ಲ. ಪರೀಕ್ಷೆಗಳ ವಿಶ್ವಾಸಾರ್ಹತೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವ ರೂಢಿಯಿದೆ. 0.8ರ ಸುಮಾರು ಬಂದರೆ ಇಂಥ ಹೊಣೆಯ ಪರೀಕ್ಷೆಗೆ ಸಾಕೆನ್ನುತ್ತಾರೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನ ವಾನ್ ಡರ್ ಫ್ಲೂಟನ್ ಮತ್ತು ಶೂವರ್ತ್ 2005ರಲ್ಲಿ ಹಲವು ಅಧ್ಯಯನಗಳ ಫಲಿತಾಂಶವನ್ನು ಒಂದೇ ಕೋಷ್ಟಕದಲ್ಲಿ ಇಟ್ಟರು. ಒಂದು ಗಂಟೆಯ ಮೌಖಿಕಕ್ಕೆ 0.50, ಒಂದು ಗಂಟೆಯ ಓಸ್ಕಿಗೆ 0.54. ನಾಲ್ಕು ಗಂಟೆ ಕೊಟ್ಟರೆ ಎರಡೂ 0.82ರ ಆಸುಪಾಸು. ಅಂದರೆ ಪರೀಕ್ಷೆಯ ಹೆಸರು ಬದಲಿಸುವುದರಿಂದ ಬರುವ ಲಾಭ ಅತ್ಯಲ್ಪ. ಎಷ್ಟು ಹೊತ್ತು, ಎಷ್ಟು ಬೇರೆಬೇರೆ ರೋಗಿಗಳು, ಎಷ್ಟು ಬೇರೆಬೇರೆ ಪರೀಕ್ಷಕರು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಹೃದಯದ ಕೇಸನ್ನು ಚೆನ್ನಾಗಿ ಬಿಡಿಸಿದವನು ಮೂತ್ರಪಿಂಡದ ಕೇಸಿನಲ್ಲಿ ಎಡವಬಹುದು. ಒಂದು ಅಗುಳು ಹಿಚುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ ಎಂಬ ಅಡುಗೆಮನೆಯ ಜಾಣತನ ಇಲ್ಲಿ ನಡೆಯುವುದಿಲ್ಲ. ಒಂದು ಲಾಂಗ್ ಕೇಸಿನಿಂದ ಆ ಒಂದು ಕೇಸಿನ ಬಗ್ಗೆ ತಿಳಿಯುತ್ತದೆ, ಅಷ್ಟೆ.

ಈ ಮಾತನ್ನು ನಮ್ಮ ನಿಯಮದ ಅಂಕಿಗಳಿಗೆ ಹೊಂದಿಸಿ ನೋಡಿದರೆ ನಾವು ಕಳೆದುಕೊಳ್ಳುತ್ತಿರುವುದು ಎಷ್ಟೆಂಬುದು ಕಾಣುತ್ತದೆ. ಎಂಟು ಅಭ್ಯರ್ಥಿಗಳು, ನಾಲ್ವರು ಪರೀಕ್ಷಕರು, ನಾಲ್ಕು ಗಂಟೆ ಎಂದುಕೊಳ್ಳಿ. ಅನೇಕ ಕಡೆ ನಡೆಯುವಂತೆ ನಾಲ್ವರೂ ಒಂದೇ ಮೇಜಿನ ಹಿಂದೆ ಸಾಲಾಗಿ ಕೂತರೆ ತಲೆಗೆ ಸಿಗುವುದು ಅರ್ಧ ಗಂಟೆ. ಅವರನ್ನೇ ನಾಲ್ಕು ಮೇಜಿಗೆ ಚದುರಿಸಿ, ಪ್ರತಿ ಅಭ್ಯರ್ಥಿಯೂ ಪ್ರತಿ ಮೇಜಿನಲ್ಲಿ ಅರ್ಧ ಗಂಟೆ ಕೂರುವಂತೆ ಮಾಡಿದರೆ ತಲೆಗೆ ಎರಡು ಗಂಟೆ. ಪರೀಕ್ಷಕರಿಗೆ ಒಂದು ನಿಮಿಷವೂ ಹೆಚ್ಚಿನ ಕೆಲಸವಿಲ್ಲ, ಅದೇ ನಾಲ್ಕು ಗಂಟೆ. ಜೊತೆಗೆ ನಾಲ್ಕು ಸ್ವತಂತ್ರ ಅಭಿಪ್ರಾಯ ಸಿಗುತ್ತವೆ. ಒಂದೇ ಮೇಜಿನಲ್ಲಾದರೆ ಹಿರಿಯರು ಹುಬ್ಬು ಗಂಟಿಕ್ಕಿದರೆ ಉಳಿದ ಮೂವರ ಹುಬ್ಬೂ ಗಂಟಿಕ್ಕುತ್ತದೆ. ನಾಲ್ವರ ಅಂಕ ಎಂಬುದು ಹೆಸರಿಗೆ, ಇರುವುದು ಒಬ್ಬರ ಅಂಕ. ಇಬ್ಬಿಬ್ಬರ ಜೋಡಿಯಾಗಿ ಕೂರುವ ಕಾಲೇಜುಗಳು ಅರ್ಧ ದಾರಿ ಬಂದಿವೆ. ಇದಕ್ಕೆ ಹೊಸ ಕಟ್ಟಡ ಬೇಡ, ತಂತ್ರಾಂಶ ಬೇಡ, ಸುತ್ತೋಲೆಯಲ್ಲಿ ಒಂದು ಸಾಲು ಸಾಕು.

ಒಬ್ಬರೇ ಪರೀಕ್ಷಕರ ಮುಂದೆ ಅಭ್ಯರ್ಥಿಯನ್ನು ಕೂರಿಸಿದರೆ ದರ್ಪಕ್ಕೆ, ಅಸಭ್ಯತೆಗೆ ದಾರಿಯಾಗದೇ ಎಂದು ಕೇಳಬಹುದು. ನ್ಯಾಯವಾದ ಭಯ. ಅದಕ್ಕೆ ಉತ್ತರ ಕ್ಯಾಮೆರಾ. ಗೋಡೆಯ ಮೂಲೆಯ ಸಿಸಿಟಿವಿ ಅಲ್ಲ, ಮಾತು ಕೇಳಿಸುವ ಧ್ವನಿಮುದ್ರಣ. ಸಿಸಿಟಿವಿ ಚಿತ್ರದಲ್ಲಿ ಅಭ್ಯರ್ಥಿ ಹಾಜರಿದ್ದ ಎಂಬುದು ಗೊತ್ತಾಗುತ್ತದೆ, ಏನು ಕೇಳಿದರು ಎಂಬುದು ಗೊತ್ತಾಗುವುದಿಲ್ಲ. ಧ್ವನಿಮುದ್ರಣವನ್ನು ಎಲ್ಲರದೂ ಕೇಳಬೇಕಾಗಿಲ್ಲ. ಫೇಲಾದವರದು, ಅಂಚಿನಲ್ಲಿ ಪಾಸಾದವರದು, ಉಳಿದವರಲ್ಲಿ ಹತ್ತಕ್ಕೊಂದು ಎಂದು ಕೇಳಿದರೂ ಸಾಕು, ಪರೀಕ್ಷಕರ ಕುರ್ಚಿಯ ಶಿಸ್ತು ಬದಲಾಗುತ್ತದೆ.

ಇಂಥ ಮುದ್ರಣವನ್ನು ನಿಜವಾಗಿ ಕೇಳಿದವರು ಬ್ರಿಟನ್ನಿನ ಕುಟುಂಬ ವೈದ್ಯರ ರಾಯಲ್ ಕಾಲೇಜಿನವರು. ಸೀಲಿಯಾ ರಾಬರ್ಟ್ಸ್, ಶ್ರೀಕಾಂತ್ ಸಾರಂಗಿ ಎಂಬ ಭಾಷಾವಿದ್ವಾಂಸರು ವೈದ್ಯರ ಜೊತೆ ಸೇರಿ ಆ ಕಾಲೇಜಿನ ಮೌಖಿಕ ಪರೀಕ್ಷೆಯ ಮಾತುಕತೆಯನ್ನು ಸಾಲು ಸಾಲಾಗಿ ವಿಶ್ಲೇಷಿಸಿ 2000ದಲ್ಲಿ ಪ್ರಕಟಿಸಿದರು. ಪರೀಕ್ಷಕ ಒಂದು ಗಳಿಗೆ ‘ನಿಮಗೆ ಹೇಗನ್ನಿಸುತ್ತದೆ’ ಎಂದು ಸ್ನೇಹಿತನಂತೆ ಕೇಳುತ್ತಾನೆ, ಮರುಗಳಿಗೆ ಸಹೋದ್ಯೋಗಿಯಂತೆ ವೈದ್ಯಕೀಯದ ಪ್ರಶ್ನೆ, ಅದರ ಬೆನ್ನಿಗೇ ಪರೀಕ್ಷೆಗೆಂದೇ ಇರುವ ಗತ್ತಿನ ಪ್ರಶ್ನೆ. ಧಾಟಿ ಬದಲಾದದ್ದನ್ನು ಬೇರೆ ಭಾಷೆ, ಬೇರೆ ದೇಶದಲ್ಲಿ ಓದಿ ಬಂದವರು ಹಿಡಿಯಲಾರದೆ ಎಡವುತ್ತಾರೆ. ವೈದ್ಯಜ್ಞಾನ ಕಡಿಮೆಯಿದ್ದು ಅಂಕ ಹೋದದ್ದಲ್ಲ. ಆ ಕಾಲೇಜಿನ ನಂತರದ ಪರೀಕ್ಷೆಯಲ್ಲೂ ಬಿಳಿಯರಿಗೂ ಇತರರಿಗೂ ಉತ್ತೀರ್ಣತೆಯ ದೊಡ್ಡ ಅಂತರ ಕಂಡಾಗ ಭಾರತ ಮೂಲದ ವೈದ್ಯರ ಸಂಘ ‘ಬಾಪಿಯೊ’ ಲಂಡನ್ನಿನ ಹೈಕೋರ್ಟಿಗೆ ಹೋಯಿತು. 2014ರ ತೀರ್ಪು ಪರೀಕ್ಷೆ ಕಾನೂನುಬದ್ಧ ಎಂದಿತು, ಆದರೆ ಅಂತರವನ್ನು ತಗ್ಗಿಸಲು ಕಾಲೇಜು ಏನಾದರೂ ಮಾಡುವ ಕಾಲ ಬಂದಿದೆ ಎಂಬ ಸೂಚನೆಯನ್ನೂ ಕೊಟ್ಟಿತು. ಸೋತ ಅರ್ಜಿಯಿಂದಲೂ ಕೆಲಸವಾಗುವುದಕ್ಕೆ ಇದೊಂದು ಉದಾಹರಣೆ. ಅಂತರ ಕಂಡದ್ದು ಮಾತ್ರ ಅಂಕಿ ಅಂಶ ಬಯಲಿನಲ್ಲಿದ್ದುದರಿಂದ.

ಭಾಷೆಯ ಪ್ರಶ್ನೆ ನಮ್ಮಲ್ಲಿ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಪರೀಕ್ಷಕರ, ಅಭ್ಯರ್ಥಿಗಳ ಮಾತು ಇಂಗ್ಲಿಷ್. ರೋಗಿಯ ಮಾತು? ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅದು ಕನ್ನಡ, ಬಾಗೇಪಲ್ಲಿ, ಚಿಂತಾಮಣಿಯ ಕಡೆ ತೆಲುಗು, ಪೇಟೆಗಳಲ್ಲಿ ಉರ್ದು. ಕೈವಾರದ ತಾತಯ್ಯ ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದ ಸೀಮೆ ಇದು, ಇಲ್ಲಿನ ಅಜ್ಜಿ ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಬೆರೆಸುತ್ತಾಳೆ. ಅಖಿಲ ಭಾರತ ಕೋಟಾದಲ್ಲಿ ರಾಜಸ್ಥಾನದಿಂದಲೋ ಬಿಹಾರದಿಂದಲೋ ಬಂದ ಅಭ್ಯರ್ಥಿಗೆ ಲಾಂಗ್ ಕೇಸಿನಲ್ಲಿ ಅಂಥ ಅಜ್ಜಿ ಸಿಕ್ಕರೆ ಅವನ ಒಂದು ಗಂಟೆಯ ಅರ್ಧ ನರ್ಸಮ್ಮನ ಭಾಷಾಂತರಕ್ಕೆ ಹೋಗುತ್ತದೆ. ‘ಗುಂಡಿಗೆ ಡವಡವ ಅಂತದೆ’, ‘ಉಸ್ರು ಕಟ್ತದೆ’, ‘ಎದೆ ಹಿಡ್ಕಂಡಂಗಾಗ್ತದೆ’ ಎಂಬ ಮೂರು ಮಾತುಗಳಲ್ಲಿ ಮೂರು ಕಾಯಿಲೆಗಳ ಸುಳಿವಿದೆ. ಭಾಷಾಂತರದಲ್ಲಿ ಮೂರೂ ‘ಎದೆ ತೊಂದರೆ’ ಆಗಿಬಿಡುತ್ತವೆ. ಪರೀಕ್ಷಕರಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅಭ್ಯರ್ಥಿ ರೋಗಿಯನ್ನು ಮಾತನಾಡಿಸುವುದನ್ನು ಅವರು ನೋಡುವುದೇ ಇಲ್ಲ. ಅವರು ನೋಡುವುದು ಆಮೇಲಿನ ಇಂಗ್ಲಿಷ್ ಒಪ್ಪಿಸುವಿಕೆಯನ್ನು. ವೈದ್ಯನ ಅರ್ಧ ವಿದ್ಯೆ ಕೇಳುವುದರಲ್ಲಿದೆ ಎಂದು ಎಲ್ಲ ಪ್ರಾಧ್ಯಾಪಕರೂ ಹೇಳುತ್ತಾರೆ, ಅಂಕ ಮಾತ್ರ ಹೇಳುವುದಕ್ಕೆ. ವಾಲ್ ವಾಸ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದಂತೆ, ರೋಗಿಯೊಡನೆ ಅಭ್ಯರ್ಥಿಯ ಮಾತುಕತೆಯನ್ನು ನೋಡುತ್ತ ಇಪ್ಪತ್ತಿಪ್ಪತ್ತು ನಿಮಿಷದ ಹತ್ತು ಕೇಸು ಕೊಟ್ಟರೆ ಲಾಂಗ್ ಕೇಸೂ ನಂಬಿಕೆಗೆ ಅರ್ಹವಾಗುತ್ತದೆ. ಹತ್ತು ನಮ್ಮಿಂದಾಗದು. ಒಂದರ ಬದಲು ಮೂರು, ಪ್ರತಿಯೊಂದರಲ್ಲೂ ಹತ್ತು ನಿಮಿಷ ಒಬ್ಬ ಪರೀಕ್ಷಕ ಮೌನವಾಗಿ ಕೂತು ನೋಡುವುದು ಆಗದೇ?

ಕೇಳುವ ಪ್ರಶ್ನೆಗಳ ಮಾತಿಗೆ ಬರೋಣ. ಒಂದು ಸಿಂಡ್ರೋಮಿಗೆ ಹೆಸರು ಕೊಟ್ಟ ವೈದ್ಯ ಯಾವ ದೇಶದವನು, ಇಂಥ ವರ್ಗೀಕರಣದ ನಾಲ್ಕನೆಯ ಉಪವರ್ಗ ಯಾವುದು ಎಂಬಂಥವು ನೆನಪಿನ ಪ್ರಶ್ನೆಗಳು. ಅವುಗಳನ್ನು ಬಹುಆಯ್ಕೆಯ ಪತ್ರಿಕೆ ಅಗ್ಗದಲ್ಲಿ, ನಿಖರವಾಗಿ ಕೇಳಬಲ್ಲುದು. ಅವುಗಳಿಗಾಗಿ ಲಖನೌದಿಂದ ಪ್ರಾಧ್ಯಾಪಕರನ್ನು ವಿಮಾನದಲ್ಲಿ ಕರೆಸುವುದು ದುಂದು. ಬಾಯಿಪರೀಕ್ಷೆಯಿಂದ ಮಾತ್ರ ತಿಳಿಯಬಹುದಾದದ್ದು ಬೇರೆ ಇದೆ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಲ್ಲಿ ಕುದಿಯುವ ಗೂಡಿನ ಬಾಣಲೆ ಮುಂದೆ ಕೂರುವ ನಲವತ್ತರ ಹೆಂಗಸು ಉಬ್ಬಸವೆಂದು ಬಂದಿದ್ದಾಳೆ, ಭಾನುವಾರ ಮಾತ್ರ ಹಗುರ. ಏನು ಯೋಚಿಸುತ್ತೀರಿ? ಗೂಡು, ಪ್ಯೂಪಾಗಳ ಪ್ರೋಟೀನು ಆಸ್ತಮಾಕ್ಕೆ ಕಾರಣವಾಗಬಲ್ಲುದೆಂದು ಅಭ್ಯರ್ಥಿ ಹೇಳಿದ ಎನ್ನಿ. ಮುಂದಿನ ಪ್ರಶ್ನೆ: ಆಕೆ ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ, ಈಗ? ಇಲ್ಲಿ ಪುಸ್ತಕ ಮುಗಿಯುತ್ತದೆ, ವೈದ್ಯ ಶುರುವಾಗುತ್ತಾನೆ. ಇನ್ನೊಂದು ಉದಾಹರಣೆ: ಬಾಗೇಪಲ್ಲಿಯ ಹಳ್ಳಿಯಿಂದ ಬೆನ್ನು ಬಿಗಿದು ಬಗ್ಗಲಾಗದ ಐವತ್ತರ ರೈತ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಹೊರಟ ಅಭ್ಯರ್ಥಿಗೆ ಮುಂದೋಳಿನ ಎಕ್ಸ್‌ರೇ ಕೊಡಿ. ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುವುದು ಕಾಣುತ್ತದೆ. ಕೊಳವೆಬಾವಿಯ ನೀರಿನ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುವ ಸೀಮೆ ಇದು. ಹೊಸ ಸಾಕ್ಷ್ಯ ಕಂಡಾಗ ಅವನು ತನ್ನ ತೀರ್ಮಾನ ಬದಲಿಸುತ್ತಾನೆಯೇ, ಹಟಕ್ಕೆ ಬೀಳುತ್ತಾನೆಯೇ, ‘ಗೊತ್ತಿಲ್ಲ ಸರ್, ನೋಡಬೇಕು’ ಎನ್ನುವ ಧೈರ್ಯ ಇದೆಯೇ ಎಂಬುದನ್ನು ಯಾವ ಲಿಖಿತ ಪತ್ರಿಕೆಯೂ ತೋರಿಸದು. ವೈವಾ ಉಳಿಯಬೇಕೆನ್ನುವ ನನ್ನ ಪಕ್ಷಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಇಂಥ ಪ್ರಶ್ನೆಗಳು ಮೇಜಿನ ಮುಂದೆ ಕೂತ ಗಳಿಗೆಯಲ್ಲಿ ಹೊಳೆಯುವುದಿಲ್ಲ. ಹಿಂದಿನ ಸಂಜೆಯೇ ಕೂತು ಬರೆಯಬೇಕು. ಯಾವ ಉತ್ತರಕ್ಕೆ ಪಾಸು, ಯಾವುದು ಬಂದರೆ ಫೇಲೇ ಸರಿ ಎಂದು ನಾಲ್ವರೂ ಮೊದಲೇ ಒಪ್ಪಿಕೊಂಡು, ಮರುದಿನ ಚರ್ಚೆಗೆ ಮುಂಚೆ ಅವರವರ ಅಂಕ ಅವರವರೇ ಬರೆದುಬಿಡಬೇಕು. ಹಿಂದಿನ ಸಂಜೆ ಈಗ ಊಟೋಪಚಾರಕ್ಕೆ ಮೀಸಲು. ಆತಿಥ್ಯ ತಪ್ಪಲ್ಲ. ಆದರೆ ಪರೀಕ್ಷೆ ನಡೆಯುವುದು ಅಭ್ಯರ್ಥಿಯ ಸ್ವಂತ ಕಾಲೇಜಿನಲ್ಲಿ, ಇಂಟರ್ನಲ್ ಪರೀಕ್ಷಕರು ಮೂರು ವರ್ಷ ಅವನಿಗೆ ಕಲಿಸಿದವರು, ಎಕ್ಸ್‌ಟರ್ನಲ್ ಆಗಿ ಬಂದವರು ಆ ಕಾಲೇಜಿನ ಅತಿಥಿಗಳು, ಮುಂದಿನ ವರ್ಷ ಇವರೇ ಅವರ ಊರಿಗೆ ಎಕ್ಸ್‌ಟರ್ನಲ್. ಇದರಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ‘ಪಾಪ, ಪಾಸ್ ಮಾಡಿ ಕಳಿಸಿ’ ಎಂಬ ಒಳ್ಳೆಯತನವೇ ವ್ಯವಸ್ಥೆಯನ್ನು ಸಡಿಲಿಸಲು ಸಾಕು. ಅದೇ ಒಳ್ಳೆಯತನದ ಮಗ್ಗುಲಲ್ಲಿ, ವಿಭಾಗದ ಮುಖ್ಯಸ್ಥರನ್ನು ಎದುರು ಹಾಕಿಕೊಂಡವನಿಗೆ ಅದು ಸಿಗದೆ ಹೋಗುವ ಅಪಾಯವೂ ಕೂತಿದೆ. ಡಿಎನ್‌ಬಿ ಪರೀಕ್ಷೆ ಬೇರೆ ಆಸ್ಪತ್ರೆಯಲ್ಲಿ, ಗುರುತಿಲ್ಲದ ಪರೀಕ್ಷಕರ ಮುಂದೆ ನಡೆಯುತ್ತದೆ. ಅಲ್ಲಿ ಪಾಸಾಗುವುದು ಕಷ್ಟ ಎಂಬ ಮಾತು ವೈದ್ಯವಲಯದಲ್ಲಿ ಹಳೆಯದು. ಒಂದೇ ವಿದ್ಯೆಯ ಎರಡು ಪದವಿಗಳಿಗೆ ಎರಡು ಬಗೆಯ ಬಾಗಿಲು ಇರುವುದು ಸರಿಯಲ್ಲ ಎಂದಾದರೆ, ಎಂಡಿಯ ವೈವಾವನ್ನು ನೆರೆಯ ಕಾಲೇಜಿನಲ್ಲಿ ನಡೆಸಿ ನೋಡಬಹುದು. 2020ರ ಕೋವಿಡ್ ದಿನಗಳಲ್ಲಿ ಹೊರ ರಾಜ್ಯದ ಪರೀಕ್ಷಕರನ್ನು ಕರೆಸಲಾಗದೆ ನಿಯಮ ಸಡಿಲಿಸಿ, ವಿಡಿಯೊ ಮೂಲಕವೂ ಪರೀಕ್ಷಿಸಲು ಅವಕಾಶ ಕೊಟ್ಟದ್ದುಂಟು. ಮನಸ್ಸಿದ್ದರೆ ನಿಯಮ ಬಾಗುತ್ತದೆ.

ಪರೀಕ್ಷಕರನ್ನು ಪರೀಕ್ಷಿಸುವ ಕೆಲಸ ಮಾತ್ರ ವಿಶ್ವವಿದ್ಯಾಲಯದ್ದೇ. ಯಾರು ಎಷ್ಟು ವರ್ಷ ಪಾಠ ಮಾಡಿದ್ದಾರೆ ಎಂಬುದು ಪರೀಕ್ಷಕರಾಗಲು ಅರ್ಹತೆ. ಪರೀಕ್ಷೆ ಮಾಡಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಬ್ರಿಟನ್ನಿನ ಕುಟುಂಬ ವೈದ್ಯರ ಕಾಲೇಜು 1990ರ ದಶಕದಲ್ಲೇ ಮೌಖಿಕದ ಪರೀಕ್ಷಕರನ್ನು ಆರಿಸುವುದು, ತರಬೇತಿ ಕೊಡುವುದು, ಅವರ ಅಂಕಗಳ ಮೇಲೆ ಕಣ್ಣಿಡುವುದು ಹೇಗೆಂದು ಬರೆದು ಪ್ರಕಟಿಸಿತ್ತು. ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಸಾವಿರಾರು ಪಿಜಿ ಅಭ್ಯರ್ಥಿಗಳ ಲಿಖಿತ ಅಂಕವೂ ಕ್ಲಿನಿಕಲ್ ಅಂಕವೂ ಕೂತಿವೆ. ಯಾವ ಕಾಲೇಜಿನಲ್ಲಿ ಲಿಖಿತ ಸದಾ ಕಡಿಮೆ, ವೈವಾ ಸದಾ ಹೆಚ್ಚು? ಯಾವ ಪರೀಕ್ಷಕರ ಮೇಜಿನಲ್ಲಿ ಎಲ್ಲರಿಗೂ ಒಂದೇ ಅಂಕ? ಎರಡನ್ನೂ ತಿಳಿಯಲು ಒಬ್ಬ ಸಂಖ್ಯಾಶಾಸ್ತ್ರಜ್ಞ, ಒಂದು ವಾರ ಸಾಕು. ಹೆಸರು ತೆಗೆದು ಪ್ರಕಟಿಸಿದರೆ ಯಾರ ಮಾನವೂ ಹೋಗುವುದಿಲ್ಲ.

ಪರೀಕ್ಷೆಯ ದಿನದ ಮೇಲಿನ ಭಾರವನ್ನೇ ಇಳಿಸುವ ಇನ್ನೊಂದು ದಾರಿಯೂ ಇದೆ, ಅದು ಮುದ್ದೇನಹಳ್ಳಿಯ ಪಕ್ಕದಲ್ಲೇ ಹಾದುಹೋಗುತ್ತದೆ. 2020ರ ತಿದ್ದುಪಡಿಯಿಂದ ಬಂದ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದ ಪ್ರಕಾರ ಪಿಜಿ ವಿದ್ಯಾರ್ಥಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕು, ಅದನ್ನು ತೃಪ್ತಿಕರವಾಗಿ ಮುಗಿಸದೆ ಅಂತಿಮ ಪರೀಕ್ಷೆಯಿಲ್ಲ. ಆ ಮೂರು ತಿಂಗಳಲ್ಲಿ ಅವನು ನೋಡುವ ರೋಗಿಗಳು ಯಾವ ಪರೀಕ್ಷಾ ವಾರ್ಡಿಗಿಂತಲೂ ನಿಜ. ಅಮೆರಿಕದಲ್ಲಿ ಜಾನ್ ನಾರ್ಸಿನಿ 1995ರಲ್ಲಿ ರೂಪಿಸಿದ ಮಿನಿ ಸಿಇಎಕ್ಸ್ ಎಂಬ ಕ್ರಮದಲ್ಲಿ ಹಿರಿಯ ವೈದ್ಯರೊಬ್ಬರು ಹದಿನೈದು ಇಪ್ಪತ್ತು ನಿಮಿಷ ಪಕ್ಕದಲ್ಲಿ ನಿಂತು, ಕಿರಿಯ ವೈದ್ಯ ನಿಜವಾದ ರೋಗಿಯನ್ನು ಮಾತನಾಡಿಸಿ ಪರೀಕ್ಷಿಸುವುದನ್ನು ನೋಡಿ ಒಂದು ಹಾಳೆಯಲ್ಲಿ ಬರೆದಿಡುತ್ತಾರೆ. ವಾರಕ್ಕೊಂದರಂತೆ ಬರೆದರೂ ರೆಸಿಡೆನ್ಸಿ ಮುಗಿಯುವಷ್ಟರಲ್ಲಿ ಬೇರೆಬೇರೆ ತಜ್ಞರು ಬೇರೆಬೇರೆ ರೋಗಿಗಳ ಮೇಲೆ ಬರೆದ ಹನ್ನೆರಡು ಹಾಳೆ ಸೇರುತ್ತವೆ. ಬ್ರಿಟನ್ನಿನ ಕುಟುಂಬ ವೈದ್ಯರು 2020ರಿಂದ 2023ರವರೆಗೆ ಅಂತಿಮ ಪರೀಕ್ಷೆಯನ್ನೇ ಸ್ವಂತ ಕ್ಲಿನಿಕ್ಕಿನಲ್ಲಿ ರೆಕಾರ್ಡ್ ಮಾಡಿದ ಸಮಾಲೋಚನೆಗಳ ಮೇಲೆ ನಡೆಸಿದರು. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಂಥ ಹನ್ನೆರಡು ಹಾಳೆ ತುಂಬಿಸಿಕೊಂಡ ಅಭ್ಯರ್ಥಿ ಬೆಂಗಳೂರಿನ ಪರೀಕ್ಷಾ ಮೇಜಿಗೆ ಬಂದಾಗ, ಪರೀಕ್ಷಕರು ಮೊದಲು ಆ ಹಾಳೆಗಳನ್ನು ಬಿಡಿಸಿ ಅಲ್ಲಿಂದಲೇ ಪ್ರಶ್ನೆ ಶುರು ಮಾಡಬಹುದು: ‘ಐದನೆಯ ವಾರದ ಈ ರೋಗಿಗೆ ನೀವು ಸ್ಟಿರಾಯ್ಡ್ ಕೊಟ್ಟಿರಿ, ಯಾಕೆ?’